ತಪ್ಪಿದಾಗ ಮಾತ್ರ ಕಾಣುವವರು

ತಿಪಟೂರು ತಾಲೂಕಿನ ಬಿಳಿಗೆರೆಯ ಕಡೆ ತೋಟಗಳಲ್ಲಿ ನಡೆದಾಡಿದವರಿಗೆ ಗೊತ್ತು, ಅಷ್ಟೆತ್ತರದ ಮರದಿಂದ ಬಿದ್ದ ತೆಂಗಿನಕಾಯಿ ಒಡೆಯುವುದಿಲ್ಲ. ಪೆಟ್ಟನ್ನೆಲ್ಲ ಮಟ್ಟೆ ನುಂಗಿಕೊಳ್ಳುತ್ತದೆ. ಆಮೇಲೆ ಅಟ್ಟದ ಮೇಲೆ ತಿಂಗಳುಗಟ್ಟಲೆ, ಒಳಗಿನ ನೀರು ಆರಿ ಕೊಬ್ಬರಿಯಾಗುವವರೆಗೂ ಕಾಯಿಯನ್ನು ಕಾಯುವುದು ಅದೇ ಮಟ್ಟೆ. ಕೊನೆಗೆ ತಿಪಟೂರಿನ ಮಾರುಕಟ್ಟೆಯಲ್ಲಿ ಬೆಲೆ ಕಟ್ಟುವುದು ಕೊಬ್ಬರಿಗೆ. ಮಟ್ಟೆ ತೋಟದ ಮೂಲೆಯಲ್ಲಿ ರಾಶಿ ಬಿದ್ದಿರುತ್ತದೆ. ಮಟ್ಟೆಗೆ ನೋವಿಲ್ಲ, ಆದ್ದರಿಂದ ಅದಕ್ಕಾಗಿ ಮರುಗಬೇಕಾಗಿಯೂ ಇಲ್ಲ. ಆದರೆ ಮನುಷ್ಯರನ್ನೂ ನಾವು ಹೀಗೆಯೇ ಬಳಸುತ್ತಿದ್ದೇವೆಯೇ ಎಂದು ಕೇಳಿಕೊಳ್ಳಬೇಕಾಗಿದೆ.

ದೂರದ ಒಂದು ಆಟದಿಂದಲೇ ಆರಂಭಿಸೋಣ. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟ ನಮ್ಮ ಕಾಲ್ಚೆಂಡಾಟವಲ್ಲ. ಅಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ದೂರಕ್ಕೆ ಎಸೆಯುತ್ತಾರೆ. ಎಸೆಯುವವನು ಕ್ವಾರ್ಟರ್‌ಬ್ಯಾಕ್. ಹೆಸರು, ಹಣ, ಜಾಹೀರಾತು ಹೆಚ್ಚಾಗಿ ಅವನ ಪಾಲಿಗೆ. ಅವನ ಮುಂದೆ ಐದು ಮಂದಿ ದಢೂತಿ ಆಟಗಾರರು ಸಾಲಾಗಿ ನಿಲ್ಲುತ್ತಾರೆ. ಇವರೇ ಅಫೆನ್ಸಿವ್ ಲೈನ್‌ಮನ್‌ಗಳು. ಎದುರಾಳಿಗಳು ಎಸೆಯುವವನ ಮೇಲೆ ಬೀಳದಂತೆ ತಮ್ಮ ಮೈಯನ್ನೇ ಅಡ್ಡ ಕೊಡುವುದು ಇವರ ಕೆಲಸ. ಇವರು ಸಾಮಾನ್ಯವಾಗಿ ಚೆಂಡು ಹಿಡಿದು ಅಂಕ ಗಳಿಸುವುದಿಲ್ಲ. ಇಡೀ ದಿನ ಚೆನ್ನಾಗಿ ತಡೆದರೂ ಪ್ರೇಕ್ಷಕರು ಗಮನಿಸುವುದಿಲ್ಲ. ಒಮ್ಮೆ ತಪ್ಪಿದರೆ ಮಾತ್ರ ಮೈದಾನವೆಲ್ಲ ಇವರ ಹೆಸರು ಕೇಳುತ್ತದೆ.

ಮೈಕ್ ವೆಬ್‌ಸ್ಟರ್ ಅಂಥವರಲ್ಲೊಬ್ಬರು. 1974ರಿಂದ 1990ರವರೆಗೆ 17 ಋತು ಆ ಸಾಲಿನ ನಡುವೆ ನಿಂತರು. ಅವರ ಪಿಟ್ಸ್‌ಬರ್ಗ್ ತಂಡ ನಾಲ್ಕು ಸಲ ಸೂಪರ್ ಬೌಲ್ ಗೆದ್ದಿತು. ನಿವೃತ್ತಿಯ ನಂತರ ನೆನಪು ಕೈಕೊಟ್ಟಿತು, ಬದುಕು ಚದುರಿತು, ಕೆಲವು ರಾತ್ರಿಗಳನ್ನು ತಮ್ಮ ವಾಹನದಲ್ಲೇ ಕಳೆದರು. 2002ರಲ್ಲಿ, 50ನೇ ವಯಸ್ಸಿನಲ್ಲಿ ತೀರಿಕೊಂಡರು. ನೈಜೀರಿಯಾ ಮೂಲದ ವೈದ್ಯ ಬೆನೆಟ್ ಒಮಾಲು ಅವರ ಮೆದುಳನ್ನು ಪರೀಕ್ಷಿಸಿ, ತಲೆಗೆ ಮತ್ತೆ ಮತ್ತೆ ಬಿದ್ದ ಪೆಟ್ಟುಗಳಿಗೆ ನಂಟಿರುವ ಕಾಯಿಲೆಯ ಗುರುತುಗಳನ್ನು ಕಂಡರು. 2005ರಲ್ಲಿ ಅದನ್ನು ಪ್ರಕಟಿಸಿದಾಗ ಲೀಗ್‌ನ ವೈದ್ಯರು ಒಪ್ಪಲಿಲ್ಲ. ಸಾವಿರಾರು ಮಾಜಿ ಆಟಗಾರರು ನ್ಯಾಯಾಲಯಕ್ಕೆ ಹೋದ ಮೇಲೆ, 2013ರಲ್ಲಿ ಲೀಗ್ ಪರಿಹಾರದ ಒಪ್ಪಂದಕ್ಕೆ ಬಂತು. ಅಷ್ಟರಲ್ಲಿ ವೆಬ್‌ಸ್ಟರ್ ತೀರಿಕೊಂಡು ಹನ್ನೊಂದು ವರ್ಷಗಳಾಗಿದ್ದವು.

ಅವರು ಹಣ ಪಡೆದು ಆಡಿದವರಲ್ಲವೇ, ಒತ್ತಾಯವೇನಿತ್ತು ಎಂದು ಕೇಳುವವರಿದ್ದಾರೆ. ಮಂಡಿ ಸವೆಯುತ್ತದೆ, ಬೆರಳು ಮುರಿಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು, ನಿಜ. ಆದರೆ ಬುದ್ಧಿಯೇ ಸವೆಯಬಹುದೆಂದು ಅವರಿಗೆ ಯಾರು ಹೇಳಿದ್ದರು? ತಿಳಿಯದ ಅಪಾಯಕ್ಕೆ ಕೊಟ್ಟ ಒಪ್ಪಿಗೆ ಪೂರ್ತಿ ಒಪ್ಪಿಗೆಯಲ್ಲ.

ಇನ್ನೊಂದು ಮಾತು ಕೇಳಲು ಹಿತವಾಗಿದೆ. ಎಲೆಮರೆಯ ಕಾಯಿಯಂತೆ ದುಡಿಯುವುದೇ ದೊಡ್ಡ ಗುಣ, ಹೆಸರಿನ ಹಂಬಲವೇಕೆ ಎಂಬುದು. ಈ ಮಾತನ್ನು ಯಾರು ಹೇಳುತ್ತಾರೆ ಎಂಬುದು ಮುಖ್ಯ. ದುಡಿದವನು ತನಗೆ ತಾನೇ ಹೇಳಿಕೊಂಡರೆ ಅದು ವಿನಯ. ಅವನ ದುಡಿಮೆಯ ಫಲ ಉಂಡವರು ಹೇಳಿದರೆ ಅದು ಸಾಲ ತೀರಿಸದವನ ನೆಪ. ಹೆಸರು ಬೇಡವೆನ್ನುವ ಹಕ್ಕು ದುಡಿದವನಿಗೆ ಸೇರಿದ್ದು. ಲೆಕ್ಕ ಇಡಬೇಕಾದ ಹೊಣೆ ಉಂಡವರ ಮೇಲಿದೆ.

ಲೆಕ್ಕ ಇಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲೇ ನಿದರ್ಶನವಿದೆ. ಕರ್ನಾಟಕ ತಂಡದ ಸೈಯದ್ ಕಿರ್ಮಾನಿ ಭಾರತಕ್ಕೆ 88 ಟೆಸ್ಟ್‌ಗಳಲ್ಲಿ ವಿಕೆಟ್ ಕೀಪರ್ ಆಗಿದ್ದವರು. ಕೀಪರನ ಪಾಡೂ ಲೈನ್‌ಮನ್‌ನದರಂತೆಯೇ. ಹಿಡಿದ ನೂರು ಚೆಂಡಿಗಿಂತ ಬಿಟ್ಟ ಒಂದು ಕ್ಯಾಚ್ ಜನರ ನೆನಪಿನಲ್ಲಿ ಉಳಿಯುತ್ತದೆ. 1983ರ ಜೂನ್ 18ರಂದು ಟನ್‌ಬ್ರಿಡ್ಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ವಿರುದ್ಧ ಭಾರತ 140ಕ್ಕೆ 8 ವಿಕೆಟ್ ಕಳೆದುಕೊಂಡಾಗ ಅವರು ಕ್ರೀಸಿಗೆ ಬಂದರು. ಆಚೆ ತುದಿಯಲ್ಲಿ ಕಪಿಲ್ ದೇವ್ ಇದ್ದರು. ಇಬ್ಬರೂ ಔಟಾಗದೆ 126 ರನ್ ಸೇರಿಸಿದರು. ಕಪಿಲ್ 175, ಕಿರ್ಮಾನಿ 24. ಆ ಪಂದ್ಯ ಟಿ.ವಿ.ಯಲ್ಲಿ ಪ್ರಸಾರವಾಗಲಿಲ್ಲ. ಆದರೂ ಸ್ಕೋರ್ ಪಟ್ಟಿಯಲ್ಲಿ 175ರ ಜೊತೆಗೆ ಆ 24 ಇದೆ. ನಲವತ್ತು ವರ್ಷ ಕಳೆದ ಮೇಲೂ ಅದನ್ನು ಓದಿದವರಿಗೆ, ಈ 24 ಇಲ್ಲದೆ ಆ 175 ಇರುತ್ತಿರಲಿಲ್ಲ ಎಂಬುದು ತಿಳಿಯುತ್ತದೆ. ಲೈನ್‌ಮನ್ ತಿಂದ ಪೆಟ್ಟುಗಳಿಗೆ ಅಂಥ ಒಂದು ಸಾಲೂ ಇರಲಿಲ್ಲ. ಪೆಟ್ಟುಗಳನ್ನು ಯಾರೂ ಎಣಿಸಲಿಲ್ಲ, ಆದ್ದರಿಂದ ಅವುಗಳ ಹೊಣೆಯೂ ಯಾರದೂ ಆಗಲಿಲ್ಲ.

ಇನ್ನು ನಮ್ಮ ತೋಟಕ್ಕೆ ಮರಳೋಣ. ತಾನಾಗಿ ಉದುರುವ ಕಾಯಿಗಳಷ್ಟೇ ತೋಟದ ಫಸಲಲ್ಲ. ಎಳನೀರಿಗೋ, ಕಾಯಿಗೋ, ಗರಿ ಬಿಡಿಸಲಿಕ್ಕೋ ಮರ ಹತ್ತುವವನೊಬ್ಬನಿರುತ್ತಾನೆ. ಅವನು ಸರಿಯಾಗಿ ಹತ್ತಿ ಸರಿಯಾಗಿ ಇಳಿದ ದಿನಗಳ ಸುದ್ದಿ ಎಲ್ಲಿಯೂ ಇರುವುದಿಲ್ಲ. ಕಾಲು ಜಾರಿ ಬಿದ್ದ ದಿನ ಮಾತ್ರ ಅವನ ಹೆಸರು ಊರವರ ಬಾಯಲ್ಲಿ ಬರುತ್ತದೆ, ಬೆನ್ನುಮೂಳೆ ಮುರಿದುಕೊಂಡು ಹಾಸಿಗೆ ಹಿಡಿದ ಮೇಲೆ ಆ ಹೆಸರೂ ಮರೆತುಹೋಗುತ್ತದೆ. ಅಯ್ಯೋ ಪಾಪ ಎಂದು ಕೈಗೆ ಒಂದಿಷ್ಟು ಹಣ ಇಟ್ಟು ಬರುವುದನ್ನೇ ನಾವು ದಯೆ ಎಂದುಕೊಂಡಿದ್ದೇವೆ. ಬಿದ್ದ ಮೇಲೆ ತೋರುವ ದಯೆಗಿಂತ ಹತ್ತುವ ಮೊದಲು ಪಾಲಿಸುವ ನ್ಯಾಯ ದೊಡ್ಡದು. ಮರ ಹತ್ತುವವರಿಗಾಗಿ ತೆಂಗು ಅಭಿವೃದ್ಧಿ ಮಂಡಳಿ ‘ಕೇರ ಸುರಕ್ಷಾ’ ಎಂಬ ವಿಮೆಯನ್ನು ತಂದಿತು. ನಮ್ಮ ತೋಟದ ಮರ ಹತ್ತುವವನಿಗೆ ಅಂಥ ವಿಮೆಯೊಂದು ಇದೆಯೇ ಎಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ?

ಮುಂದಿನ ಸಲ ಅವನು ಮರಕ್ಕೆ ಕೈ ಹಚ್ಚುವ ಮೊದಲು ಆ ಒಂದು ಪ್ರಶ್ನೆ ಕೇಳೋಣ. ಇಲ್ಲವೆಂದರೆ ಅವನ ಜೊತೆ ಕೂತು ಅರ್ಜಿ ತುಂಬಿಸೋಣ. ನಮ್ಮ ಫಸಲಿನ ಲೆಕ್ಕ ಬರೆಯುವ ಪುಸ್ತಕದಲ್ಲಿ ಅವನ ಹೆಸರಿಗೂ ಒಂದು ಸಾಲು ಇರಲಿ.