ಹಬ್ಬದ ಕಥೆಗೆ ಬಿದ್ದ ಕತ್ತರಿ

ಅಮೆರಿಕಾ ದೇಶದ ಸಿಬಿಎಸ್ ದೂರದರ್ಶನ ಸಂಸ್ಥೆಯು 1965ನೆಯ ಇಸವಿಯ ಡಿಸೆಂಬರ್ 9ರಂದು ‘ಎ ಚಾರ್ಲಿ ಬ್ರೌನ್ ಕ್ರಿಸ್‌ಮಸ್’ ಎಂಬ ಮಕ್ಕಳ ಚಿತ್ರವನ್ನು ಮೊದಲ ಸಲ ಬಿತ್ತರಿಸಿತು. ಹಬ್ಬವು ವ್ಯಾಪಾರದ ಸಂತೆಯಾದುದಕ್ಕೆ ಮರುಗುವ ಬಾಲಕನೇ ಅದರ ನಾಯಕನು. ಅರ್ಧ ಗಂಟೆಯ ಅವಧಿಯಲ್ಲಿ ಸುಮಾರು 25 ನಿಮಿಷಗಳು ಕಥೆಗೇ ಮೀಸಲಾಗಿದ್ದುವು. ಬರಬರುತ್ತ ಜಾಹೀರಾತುಗಳು ಹೆಚ್ಚಿದುವು, ಕಥೆಗೆ ಕತ್ತರಿ ಬಿದ್ದಿತು. 2001ರಲ್ಲಿ ಅದು ಎಬಿಸಿ ಸಂಸ್ಥೆಯ ಪಾಲಾದ ಮೇಲೆ, ಮೊಟಕಾಗದಂತೆ ತೋರಿಸುವುದಕ್ಕೆ ಒಂದು ಗಂಟೆಯ ಅವಧಿಯೇ ಬೇಕಾಯಿತು. ಲೋಭವನ್ನು ಹಳಿಯುವ ಕಥೆಯನ್ನೇ ಲೋಭವು ಕೊರೆದು ತಿಂದಿತಲ್ಲವೆ?

ಲೋಭವು ಬಾಗಿಲೊಡೆದು ಬರುವುದಿಲ್ಲ. ಒಂದೊಂದೇ ನಿಮಿಷವನ್ನು ಕದಿಯುತ್ತ ಬರುತ್ತದೆ. ಆದುದರಿಂದಲೇ ನಷ್ಟವು ಕಣ್ಣಿಗೆ ಬೀಳುವುದಿಲ್ಲ. ಮಕ್ಕಳೊಡನೆ ಕೂಡುವ ಹೊತ್ತನ್ನು ಗಳಿಕೆಗಾಗಿ ದಿನದಿನವೂ ಮೊಟಕು ಮಾಡುವ ಗೃಹಸ್ಥನ ಕೈಯಲ್ಲಿಯೂ ಅದೇ ಕತ್ತರಿಯಿದೆ. ಪರರನ್ನು ದೂರುವ ಮುನ್ನ ಅವನು ಅದನ್ನು ಕೆಳಗಿಡಲಿ.