ಕೇಳಿಸದವನ ಶಿಳ್ಳೆ



ಬ್ರಿಟನ್ನಿನ ಗಾಯಕ ಫಿಲ್ ಕಾಲಿನ್ಸ್ 1989ರಲ್ಲಿ ಹಾಡಿದ ‘ಅನದರ್ ಡೇ ಇನ್ ಪ್ಯಾರಡೈಸ್’ ನಮ್ಮಲ್ಲಿ ಕೆಲವರಿಗಾದರೂ ಗೊತ್ತಿರಬಹುದು. ಆ ವರ್ಷದ ಕ್ರಿಸ್‌ಮಸ್ ಹೊತ್ತಿಗೆ ಅದು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲನೆಯದಾಗಿತ್ತು; 1991ರಲ್ಲಿ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಕಥೆ ಇಷ್ಟೇ: ಬೀದಿಯಲ್ಲಿ ಬದುಕುವ ಹೆಂಗಸೊಬ್ಬಳು ಚಳಿಯಲ್ಲಿ ಮಲಗಲು ಜಾಗ ಕೇಳುತ್ತಾಳೆ. ದಾರಿಹೋಕ ಕೇಳಿಸದವನಂತೆ ಶಿಳ್ಳೆ ಹಾಕುತ್ತಾ ರಸ್ತೆ ದಾಟುತ್ತಾನೆ.

ನಿಜಕ್ಕೂ ಕೇಳಿಸದವನು ಶಿಳ್ಳೆ ಹಾಕಬೇಕಾಗಿಲ್ಲ. ಅವನಿಗೆ ಕೇಳಿಸಿದೆ, ನಾಚಿಕೆಯೂ ಆಗಿದೆ. ಅದನ್ನು ಮುಚ್ಚಲು ಶಿಳ್ಳೆ. ಹಾಗಾದರೆ ಅವನ ತಪ್ಪು ಯಾವುದು? ಅವಳನ್ನು ಬೀದಿಗೆ ತಳ್ಳಿದವನು ಅವನಲ್ಲ. ಬೈದಿಲ್ಲ, ಹೊಡೆದಿಲ್ಲ. ಯಾವ ನ್ಯಾಯಾಲಯದಲ್ಲೂ ಅವನ ಮೇಲೆ ದೂರು ನಿಲ್ಲದು.

ಲೂಕನ ಶುಭಸಂದೇಶದ 16ನೇ ಅಧ್ಯಾಯದ ಧನಿಕನ ಮೇಲೂ ನಿಲ್ಲದು. ಲಾಜರನನ್ನು ಅವನು ಬಾಗಿಲಿನಿಂದ ಓಡಿಸಿದನೆಂದು ಎಲ್ಲೂ ಬರೆದಿಲ್ಲ. ಆದರೆ ಒಂದು ಸಂಗತಿ ಗಮನಿಸಿ. ಸತ್ತ ಮೇಲೆ ಉರಿಯಲ್ಲಿ ಬೇಯುತ್ತಾ, ನಾಲಿಗೆ ತಣಿಸಲು ಲಾಜರನನ್ನು ಕಳುಹಿಸಬೇಕೆಂದು ಅಬ್ರಹಾಮನನ್ನು ಬೇಡುತ್ತಾನೆ. ಹೆಸರು ಹಿಡಿದೇ ಕೇಳುತ್ತಾನೆ! ಅಂದರೆ ಬಾಗಿಲಲ್ಲಿ ಹುಣ್ಣು ತುಂಬಿ ಬಿದ್ದಿದ್ದವನು ಯಾರೆಂದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದವನಂತೆ ದಿನ ಕಳೆದದ್ದೇ ಅವನ ಪಾಪ.

ಶ್ರೀಮಂತ ಗಾಯಕ ಬಡವರ ಬಗ್ಗೆ ಹಾಡುವುದು ಬೂಟಾಟಿಕೆ ಎಂದು ಟೀಕಿಸಿದವರಿದ್ದಾರೆ. ನನಗೆ ಅದು ಅಷ್ಟಾಗಿ ಒಪ್ಪಿಗೆಯಿಲ್ಲ. ಹಾಡುವವನ ಬಳಿ ಎಷ್ಟು ಹಣವಿದ್ದರೂ ಆ ಹೆಂಗಸಿನ ಚಳಿ ಚಳಿಯೇ. (ಗುರುಗಳಿಗೂ ಇದೇ ಅಳತೆಗೋಲು ಹಿಡಿದರೆ ಭಾನುವಾರ ಪ್ರಬೋಧನೆ ಮಾಡುವವರು ಸಿಗಲಿಕ್ಕಿಲ್ಲ!) ನನ್ನ ಅಂಜಿಕೆ ಬೇರೆ. ಹಾಡು ಬಹಳ ಇಂಪಾಗಿದೆ. ಮನೆಯಲ್ಲಿ ಬೆಚ್ಚಗೆ ಕೂತು ಕೇಳಿದರೆ ಕಣ್ಣು ತೇವವಾಗುತ್ತದೆ. ಕಣ್ಣು ಒರೆಸಿಕೊಂಡ ಮೇಲೆ ನಮ್ಮ ಪಾಲಿನದು ಮುಗಿಯಿತೆಂಬ ಸಮಾಧಾನ. ಹೀಗೆ ಮರುಕವೂ ಒಂದು ಬಗೆಯ ಶಿಳ್ಳೆಯಾಗಿಬಿಡಬಹುದು. ಬಟ್ಟೆಯಿಲ್ಲದವರಿಗೆ, ಹಸಿದವರಿಗೆ ಬರೀ ಒಳ್ಳೆಯ ಮಾತು ಹೇಳಿ ಕಳುಹಿಸುವವರನ್ನು ಸಂತ ಯಕೋಬರು ತಮ್ಮ ಪತ್ರದಲ್ಲಿ ತರಾಟೆಗೆ ತೆಗೆದುಕೊಂಡದ್ದು ಇದಕ್ಕೇ.

ನಮ್ಮ ಗಡಿನಾಡಿನಲ್ಲಿ ಇನ್ನೊಂದು ನೆಪವೂ ಸಿದ್ಧವಾಗಿರುತ್ತದೆ: ‘ಅವನ ಭಾಷೆ ನಮಗೆ ತಿಳಿಯದು.’ ರೈಲ್ವೆ ನಿಲ್ದಾಣದ ಹೊರಗೆ ಮಲಗಿದವನು ಬಂಗಾಳಿಯೋ ಒಡಿಯಾವೋ ಮಾತಾಡುತ್ತಿರಬಹುದು, ನಿಜ. ಆದರೆ ನಾವು ಪೇಟೆಯಲ್ಲಿ ಮಲಯಾಳ, ಮನೆಯಲ್ಲಿ ಕೊಂಕಣಿ ಅಥವಾ ತುಳು, ಪೂಜೆಗೆ ಕನ್ನಡ ಎಂದು ದಿನಕ್ಕೆ ಮೂರು ಭಾಷೆ ಬಳಸುವವರು. ಹೆಸರೇನು, ಊಟ ಆಯಿತೇ ಎಂದು ಕೇಳುವಷ್ಟು ಹಿಂದಿ ನಮ್ಮಲ್ಲಿ ಹೆಚ್ಚಿನವರಿಗೆ ಬರುತ್ತದೆ.