ಹಗ್ಗದ ಇನ್ನೊಂದು ತುದಿ

ಅಮೆರಿಕದ ಯೂಟಾ ರಾಜ್ಯದಲ್ಲಿ, ಮೋಆಬ್ ಊರಿನ ಹತ್ತಿರ, ಕೆಂಪು ಮರಳುಗಲ್ಲಿನ ಒಂದು ಕಂಬ ಮರುಭೂಮಿಯ ನಡುವೆ ಒಂಟಿಯಾಗಿ ನಿಂತಿದೆ. ಕ್ಯಾಸಲ್‌ಟನ್ ಟವರ್ ಅದರ ಹೆಸರು. ಬುಡದ ಇಳಿಜಾರು ಗುಡ್ಡವನ್ನು ಬಿಟ್ಟರೂ ಕಂಬದ ಎತ್ತರವೇ ಸುಮಾರು 400 ಅಡಿ. 1961ರಲ್ಲಿ ಲೇಟನ್ ಕೋರ್ ಮತ್ತು ಹಂಟ್ಲಿ ಇಂಗಾಲ್ಸ್ ಇದರ ದಕ್ಷಿಣ ಮಗ್ಗುಲಿನ ಬಿರುಕುಗಳನ್ನು ಹಿಡಿದು ಮೊದಲ ಬಾರಿಗೆ ನೆತ್ತಿ ಮುಟ್ಟಿದರು. ಕೋರ್ ವೃತ್ತಿಯಿಂದ ಇಟ್ಟಿಗೆ ಗೋಡೆ ಕಟ್ಟುವವರು, ಆರಡಿ ಮೀರಿದ ಆಳು, ಆ ಕಾಲದ ಅಮೆರಿಕದಲ್ಲಿ ಬಂಡೆ ಹತ್ತುವವರ ನಡುವೆ ಬಹುದೊಡ್ಡ ಹೆಸರು. ಆದರೂ ಆ ದಾರಿಯನ್ನು ಇವತ್ತಿಗೂ ಕರೆಯುವುದು ‘ಕೋರ್–ಇಂಗಾಲ್ಸ್’ ಎಂದೇ. ಆ ಎರಡನೆಯ ಹೆಸರನ್ನು ಯಾರೂ ದಾಕ್ಷಿಣ್ಯಕ್ಕೆ ಸೇರಿಸಿದ್ದಲ್ಲ.

ಇಂಥ ಗೋಡೆಯನ್ನು ಹಗ್ಗದ ಅಳತೆಗೆ ತಕ್ಕಂತೆ ಹಂತ ಹಂತವಾಗಿ ಹತ್ತಬೇಕು. ಒಂದು ಹಂತಕ್ಕೆ ಪಿಚ್ ಎನ್ನುತ್ತಾರೆ. ಕ್ಯಾಸಲ್‌ಟನ್‌ನ ಈ ದಾರಿಯಲ್ಲಿ ಅಂಥವು ನಾಲ್ಕು. ಮುಂದೆ ಹೋಗುವವರು ಬಿರುಕಿನೊಳಗೆ ಅಂಗೈ ತೂರಿಸಿ, ಹೆಬ್ಬೆರಳನ್ನು ಒಳಕ್ಕೆ ಮಡಚುತ್ತಾರೆ. ಕೈ ಉಬ್ಬಿ ಎರಡೂ ಬದಿಯ ಕಲ್ಲಿಗೆ ಬಿಗಿಯಾಗುತ್ತದೆ. ಆ ಬಿಗಿತದ ಮೇಲೆಯೇ ಮೈಭಾರ ಹಾಕಿ, ಪಾದವನ್ನು ಬಿರುಕಿನಲ್ಲಿ ತಿರುಚಿ ನಿಲ್ಲಿಸಿ ಮೇಲಕ್ಕೇರಬೇಕು. ಮೂರನೆಯ ಪಿಚ್‌ನಲ್ಲಿ ಬಿರುಕು ಅಗಲವಾಗುತ್ತದೆ, ಕಲ್ಲಿನ ಮೇಲೆ ಬಿಳಿ ಕ್ಯಾಲ್ಸೈಟಿನ ನುಣುಪು ಪದರವಿದೆ. ಹತ್ತುವವರು ಹೆಚ್ಚು ಬೆವರುವುದು ಅಲ್ಲೇ. ನಡುನಡುವೆ ಕ್ಯಾಮ್ ಎಂಬ ಸಾಧನವನ್ನು ಬಿರುಕಿನಲ್ಲಿ ಕೂರಿಸಿ ಅದಕ್ಕೆ ಹಗ್ಗ ಸಿಕ್ಕಿಸುತ್ತಾರೆ. ಕೊನೆಯ ಕ್ಯಾಮ್‌ಗಿಂತ ಹತ್ತಡಿ ಮೇಲೆ ಕೈ ಜಾರಿದರೆ ಬೀಳುವುದು ಇಪ್ಪತ್ತಡಿಗೂ ಹೆಚ್ಚು. ಫೋಟೊಗಳಲ್ಲಿ, ಸಿನಿಮಾಗಳಲ್ಲಿ ನಾವು ನೋಡುವುದು ಈ ಮುಂದಿನವರನ್ನೇ.

ನನ್ನ ಮನಸ್ಸು ನಿಲ್ಲುವುದು ಮಾತ್ರ ಕೆಳಗಿದ್ದವರ ಮೇಲೆ.

ಅವರು ಅಂಗೈ ಅಗಲದ ಒಂದು ಮೆಟ್ಟಿಲ ಮೇಲೆ, ಕಲ್ಲಿಗೆ ತಮ್ಮನ್ನು ಕಟ್ಟಿಕೊಂಡು, ಬಿಸಿಲಲ್ಲೋ ಕೊರೆಯುವ ಗಾಳಿಯಲ್ಲೋ ನಿಂತಿರುತ್ತಾರೆ. ಕೈಯಲ್ಲಿ ಹಗ್ಗ. ಸಡಿಲ ಜಾಸ್ತಿಯಾದರೆ ಮೇಲಿದ್ದವರು ಬೀಳುವ ದೂರ ಹೆಚ್ಚುತ್ತದೆ, ಬಿಗಿಯಾದರೆ ಅವರ ಹೆಜ್ಜೆಯೇ ತಪ್ಪುತ್ತದೆ. ಗಾಳಿಗೆ ಕೂಗು ಕೇಳುವುದಿಲ್ಲ. ಸಂಗಾತಿ ಮರೆಯಾಗಿ ಎಷ್ಟೋ ಹೊತ್ತಾಗಿರುತ್ತದೆ. ಹಗ್ಗ ಸರಿಯುತ್ತಿದೆಯೇ, ನಿಂತಿತೇ, ಸರಸರನೆ ಮೇಲಕ್ಕೆ ಹೋಯಿತೇ ಎಂಬುದರಲ್ಲೇ ಅವರು ಎಲ್ಲವನ್ನೂ ತಿಳಿದುಕೊಳ್ಳಬೇಕು. ಕಣ್ಣಿಗೆ ಕಾಣದ ಒಬ್ಬರ ಜೀವದ ಮೇಲೆ ಗಂಟೆಗಟ್ಟಲೆ ಗಮನ ಇಡುವುದು ಹತ್ತುವುದಕ್ಕಿಂತ ಸುಲಭದ ಕೆಲಸ ಎಂದು ನನಗೆ ಅನ್ನಿಸುವುದಿಲ್ಲ.

ಆಮೇಲೆ ಅವರ ಸರದಿ. ಹತ್ತುತ್ತಾ ಹತ್ತುತ್ತಾ ಒಂದೊಂದೇ ಕ್ಯಾಮ್ ಬಿಚ್ಚಿ ಸೊಂಟಕ್ಕೆ ತೂಗುಹಾಕಿಕೊಂಡು ಬರಬೇಕು. ಒಂದು ಕೈ ಬಿರುಕಿನಲ್ಲಿ ಸಿಕ್ಕಿಸಿ, ಇನ್ನೊಂದರಿಂದ ಕ್ಯಾಮಿನ ಕೀಲು ಎಳೆದರೆ ಅದರ ಹಲ್ಲುಗಳು ಕುಗ್ಗುತ್ತವೆ. ಆಗ ಮೆಲ್ಲಗೆ, ಬಂದ ದಾರಿಯಲ್ಲೇ ಈಚೆಗೆ ತರಬೇಕು. ಆತುರಪಟ್ಟು ಅಲ್ಲಾಡಿಸಿದರೆ ಇನ್ನೂ ಒಳಕ್ಕೆ ಸರಿದು ಸಿಕ್ಕಿಕೊಳ್ಳುತ್ತದೆ, ಮೆತ್ತನೆಯ ಮರಳುಗಲ್ಲು ಉಜ್ಜಿ ಪುಡಿಯಾಗುತ್ತದೆ. ಹಿಂದೆ ಕ್ಯಾಮಿನ ಜಾಗದಲ್ಲಿ ಪಿಟಾನ್ ಎಂಬ ಉಕ್ಕಿನ ಮೊಳೆ ಇತ್ತು. ಮುಂದಿನವರು ಸುತ್ತಿಗೆಯಿಂದ ಹೊಡೆಯುತ್ತಿದ್ದರು, ಹಿಂದಿನವರು ಸುತ್ತಿಗೆಯಿಂದಲೇ ಬಡಿದು ಕೀಳುತ್ತಿದ್ದರು. ಒಂದೇ ಬಿರುಕಿನಲ್ಲಿ ಇದು ಮತ್ತೆ ಮತ್ತೆ ನಡೆದು ಕಲ್ಲಿನಲ್ಲಿ ಗುಳಿಗಳು ಬಿದ್ದವು. ಆ ಗಾಯಗಳು ಮಾಯುವಂಥವಲ್ಲ. ಏರೋಸ್ಪೇಸ್ ಎಂಜಿನಿಯರ್ ಆಗಿದ್ದ ರೇ ಜಾರ್ಡಿನ್ ರೂಪಿಸಿದ ಸ್ಪ್ರಿಂಗಿನ ಕ್ಯಾಮ್ 1978ರಲ್ಲಿ ‘ಫ್ರೆಂಡ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಅಗಲ ಬದಲಾಗದ ಮರುಭೂಮಿಯ ಬಿರುಕುಗಳಿಗೆ ಅದು ಹೇಳಿ ಮಾಡಿಸಿದಂತಿತ್ತು. ಬಂಡೆಯಲ್ಲಿ ಏನನ್ನೂ ಉಳಿಸದೆ ಹತ್ತಿ ಬರಬಹುದು ಎಂಬ ಹೆಮ್ಮೆ ಈ ಸಾಧನಗಳಿಂದ ಬಂತು ಎನ್ನುತ್ತಾರೆ. ಅವುಗಳನ್ನು ತಾಳ್ಮೆಯಿಂದ ಬಿಚ್ಚಿ ತರುವ ಹಿಂದಿನವರಿಗೂ ಆ ಹೆಮ್ಮೆಯಲ್ಲಿ ಪಾಲಿದೆ.

ಹಿಂದಿನವರಿಗೆ ಮೇಲಿಂದ ಹಗ್ಗವಿದೆ, ಅವರಿಗೇನು ಅಪಾಯ ಎಂಬ ಮಾತೂ ಪೂರ್ತಿ ನಿಜವಲ್ಲ. ದಾರಿ ಅಡ್ಡಕ್ಕೆ ತಿರುಗಿದಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಅಡ್ಡ ಸಾಗುವಾಗ ಕ್ಯಾಮ್ ಬಿಚ್ಚಿದ ಮರುಕ್ಷಣವೇ ಕಾಲು ಜಾರಿದರೆ, ಹಿಂದಿನವರು ಜೋಲಿ ಹೊಡೆದು ದೂರದ ಕಲ್ಲಿಗೆ ಅಪ್ಪಳಿಸಬಹುದು. ಅದಕ್ಕೇ ಬಲ್ಲ ಮುಂದಾಳು ಕಷ್ಟದ ಅಡ್ಡದಾರಿ ಮುಗಿಸಿದ ಕೂಡಲೇ ಇನ್ನೊಂದು ಕ್ಯಾಮ್ ಹಾಕುತ್ತಾರೆ. ತಮಗೆ ಅದು ಬೇಕಿಲ್ಲ, ಕಷ್ಟ ಆಗಲೇ ದಾಟಿದೆ. ತೋಳು ಸೋತು ನಡುಗುತ್ತಿರುವಾಗಲೂ, ಇನ್ನೂ ಹೊರಡದ ಒಬ್ಬರಿಗಾಗಿ ನಿಂತು ಅದನ್ನು ಕೂರಿಸುತ್ತಾರೆ. ಒಬ್ಬರು ಎಂಥ ಮುಂದಾಳು ಎಂದು ತಿಳಿಯಲು ನಾನಂತೂ ಎಷ್ಟು ಕಠಿಣ ದಾರಿ ಹತ್ತಿದರು ಎಂದು ಕೇಳುವುದಿಲ್ಲ, ಈ ಒಂದು ಕ್ಯಾಮ್ ನೋಡುತ್ತೇನೆ.

ಹತ್ತುವ ಮುನ್ನ ಆಗುವ ತೀರ್ಮಾನವೂ ಇಬ್ಬರದು. ಮರಳುಗಲ್ಲು ಎಂದರೆ ಅಂಟಿಕೊಂಡ ಮರಳಿನ ಕಣಗಳು. ಮಳೆ ನೀರು ಒಳಗಿಳಿದರೆ ಆ ಅಂಟು ದುರ್ಬಲವಾಗುತ್ತದೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವವಿದ್ದರೆ, ಹಿಡಿದ ಅಂಚು ಮುರಿಯುತ್ತದೆ, ಭಾರ ಬಿದ್ದ ಕ್ಯಾಮ್ ಕಲ್ಲನ್ನೇ ಪುಡಿ ಮಾಡಿಕೊಂಡು ಕಿತ್ತು ಬರುತ್ತದೆ. ಅನುಭವಸ್ಥರು ಗೋಡೆಯ ಬುಡದ ಮಣ್ಣನ್ನು ಕೈಯಿಂದ ಕೆದಕಿ ನೋಡುತ್ತಾರೆ. ಒಳಗೆ ಹಸಿ ಇದ್ದರೆ ಅವತ್ತು ಹತ್ತುವುದಿಲ್ಲ. ‘ಬೇಡ, ವಾಪಸ್ ಹೋಗೋಣ’ ಎಂದು ಯಾರೇ ಹೇಳಲಿ, ಇನ್ನೊಬ್ಬರು ಎದುರಾಡಬಾರದು.

ನಮ್ಮ ಬಾದಾಮಿಯ ಕೆಂಪು ಬಂಡೆಯೂ ಮರಳುಗಲ್ಲೇ. ಹಗ್ಗ ಹೊತ್ತು ಅಲ್ಲಿಗೆ ಬರುವ ಹುಡುಗ ಹುಡುಗಿಯರನ್ನು ಈಗೀಗ ಎಲ್ಲರೂ ನೋಡಿರುತ್ತೀರಿ. ಹತ್ತಿ ಇಳಿದವರ ಬೆನ್ನು ಖಂಡಿತ ತಟ್ಟಿ. ಹಾಗೆಯೇ, ಇಷ್ಟು ಹೊತ್ತು ಹಗ್ಗ ಹಿಡಿದು ನಿಂತಿದ್ದವರ ಹೆಸರನ್ನೂ ಕೇಳಿ ತಿಳಿದುಕೊಳ್ಳಿ.